ಜೋಡಿಗೂಡು

ಮನೆ ಪಾಲಾದಾಗ ನಡುಮನೆಯಲ್ಲಿ ಗೋಡೆ ಎದ್ದಿತು,
ಗಾರೆ ಸವರುವಷ್ಟೂ ಪುರುಸೊತ್ತಿಲ್ಲದೆ.
ಒಲೆ ಎರಡಾಯಿತು. ಹಂಡೆ ಅವರಿಗೆ, ಒರಳು ನಮಗೆ,
ಎಮ್ಮೆ ಅವರಿಗೆ, ಪಡ್ಡೆ ನಮಗೆ.
ಹುಳದ ಮನೆ ಮಾತ್ರ ಉಳಿಯಿತು.

ತಟ್ಟೆ ಎಣಿಸಿದ್ದರು. ಮೂವತ್ತೊಂದು.
ಆ ಒಂದು ತಟ್ಟೆಗೆ
ಅಣ್ಣ ತಮ್ಮ ಸಂಜೆವರೆಗೆ ಕಿತ್ತಾಡಿದರು.
ಒಳಗೆ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು,
ತಲೆ ಎತ್ತಿ, ಅಲುಗದೆ, ಸೊಪ್ಪು ಮುಟ್ಟದೆ.
ಅತ್ತೆ ಕೆಂಚಮ್ಮ ಹೊಸಿಲಲ್ಲಿ ನಿಂತು ಅಂದಳು:
"ಜ್ವರದಾಗಿರೋ ಹುಳಾನ ಯಾರಾರ ಪಾಲು ಮಾಡ್ತಾರೇನ್ರಲಾ?
ಎದ್ದಮೇಲೆ ನೋಡಾನ."
ಎದ್ದವು. ಯಾರೂ ನೋಡಲಿಲ್ಲ.
ಹನ್ನೊಂದು ವರ್ಷವಾಯಿತು.

ಹೀಗೆ, ನಾನೂ ಓರಗಿತ್ತಿ ಪ್ರಮೀಳಳೂ
ಮಾತು ಬಿಟ್ಟಮೇಲೂ ಹುಳದ ಮಾತು ಆಡುತ್ತೇವೆ.
"ಸೊಪ್ಪು ಒದ್ದೆ ಅದೆ."
"ಸುಣ್ಣ ಎಲ್ಲಿ?"
"ಊಜಿ ನೊಣ, ಪರದೆ ಬಿಡು."
ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲದ್ದಿ ಒಳಬಂದರೆ
ಅಂಗಳದ ಜಗಳ ಹೊರಗೇ ನಿಲ್ಲಬೇಕು,
ಊದುಬತ್ತಿಯ ಹಾಗೆ, ಒಗ್ಗರಣೆಯ ಹಾಗೆ.
ಹುಳಕ್ಕೆ ಆಗದ ವಾಸನೆ.
ಮಾತಿನ ಕೊನೆಗೆ ಹೆಸರಿಲ್ಲ, ಅಕ್ಕ ಇಲ್ಲ.
ಗೋಡೆಗೆ ಹೇಳಿದಂತೆ ಹೇಳಿ ಮುಗಿಸುತ್ತೇವೆ.

ಹುಳ ಮೇಯುವ ಸದ್ದಿಗೆ ಮಳೆ ಅನ್ನುತ್ತಾರೆ ನೋಡಬಂದವರು.
ಹಿರೀಸಾವೆ ಕಡೆ ಮಳೆ ಅಷ್ಟು ಹೊತ್ತು ಬಿದ್ದದ್ದನ್ನು
ನಾನಂತೂ ಕಂಡಿಲ್ಲ.
ನನಗದು ಪಕ್ಕದ ಕೋಣೆಯಲ್ಲಿ ಯಾರೋ
ಹಳೇ ಲೆಕ್ಕದ ಪುಸ್ತಕವನ್ನು
ಒಂದೊಂದೇ ಹಾಳೆ ಹರಿಯುತ್ತಿರುವ ಸದ್ದು.

ಹೋದ ಆಶ್ವೀಜದಲ್ಲಿ ಅವಳ ಮಗಳು ಇಂಚರಳಿಗೆ ಡೆಂಗಿ.
ಹಾಸನದ ಆಸ್ಪತ್ರೆ, ಅಲ್ಲೇ ತಾಯಿ.
ಇಲ್ಲಿ ಹುಳ ನಾಲ್ಕನೇ ಜ್ವರ.
ಮೂರು ದಿನ ತಡೆದು ಫೋನು ಮಾಡಿದೆ.
"ಎದ್ದಳಾ?"
ಆ ಕಡೆ ಟ್ರಾಲಿ ಉರುಳುವ ಸದ್ದು.
"ಇನ್ನೂ ಇಲ್ಲ. ಹುಳ?"
"ಎದ್ದವು."
ಇಟ್ಟಳು.

ವಾರಕ್ಕೆ ಹುಳ ಹಣ್ಣಾದವು, ಎಲ್ಲ ಒಂದೇ ರಾತ್ರಿ.
ಮೈ ಜೇನಿನ ಬಣ್ಣ, ತಲೆ ಆಡಿಸುತ್ತ ಗಾಳಿಯಲ್ಲಿ
ಇಂಗ್ಲಿಷಿನ ಎಂಟು ಬರೆಯುತ್ತಿವೆ.
ಚಂದ್ರಿಕೆಗೆ ಎಡೆ ಬಿಟ್ಟು ಬಿಡಬೇಕು, ಗೊತ್ತು.
ನಾಲ್ಕು ಕೈಯ ಕೆಲಸ, ಇದ್ದದ್ದು ಎರಡು.
ಬೆಳಗಿನ ಜಾವಕ್ಕೆ ಹಿಡಿಹಿಡಿಯಾಗಿ ಸುರಿದೆ.

ಒತ್ತಾದರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟುತ್ತವೆ.
ರಾಮನಗರದ ರೀಲರು ಅಂಗೈಯಲ್ಲಿ ಉರುಳಿಸಿ ನೋಡಿದನಂತೆ:
"ಬರೀ ಜೋಡಿ. ಎಳೆ ಬಿಚ್ಚಲ್ಲ, ಸಿಕ್ಕಾಯ್ತದೆ."
ಒಂಬತ್ತು ಕೇಜಿ ವಾಪಸು ಬಂತು.
ಗಂಡ ಚೀಲವನ್ನು ಮೂಲೆಗೆ ಎಸೆದು ಬೈದ, ನನ್ನನ್ನು.
ಗೋಡೆಯಾಚೆ ಮೈದುನ ಬೈದ, ಅವನೂ ನನ್ನನ್ನೇ.
ಆಗ ಪ್ರಮೀಳಳ ದನಿ, ತಗ್ಗಿ:
"ನಾನಿದ್ದಿದ್ರೆ ತಾನೆ ಎಡೆ ಬಿಡೋದು."

ಇಂಚರ ಬಂದಳು, ಕೂದಲು ಉದುರಿ, ಕಣ್ಣು ದೊಡ್ಡದಾಗಿ.
ಮಾರನೇ ದಿನ ಪ್ರಮೀಳ ತಾನೇ ಚೀಲ ಬಿಚ್ಚಿದಳು.
ಚನ್ನರಾಯಪಟ್ಟಣದ ಸಂಘದವರಿಗೆ ಹಾರ ಬೇಕಂತೆ,
ಗೂಡಿನ ಹಾರ, ಗಣ್ಯರ ಕೊರಳಿಗೆ. ಅದನ್ನೂ
ನನಗೆ ಹೇಳಲಿಲ್ಲ, ಮಗಳಿಗೆ ಹೇಳಿದಳು,
ನಾನು ಅಲ್ಲಿರುವಾಗ.

ಸೋಡಾ ಹಾಕಿ ಕುದಿಸಿ ಬಿಸಿಲಿಗೆ ಹಾಕಿದ ಗೂಡು.
ಕತ್ತರಿ ಅವಳ ಪಾಲಿನದು, ದಬ್ಬಳ ನನ್ನದು.
ತುದಿ ಕೊಯ್ದರೆ ಒಳಗೆ ಎರಡು ಕೋಶ,
ತಲೆಗೆ ಬಾಲ ತಾಗಿಸಿ ಮಲಗಿದಂತೆ.
"ಇದ್ರಲ್ಲಿ ಯಾವ ದಾರ ಯಾವುದ್ರದು?" ಇಂಚರ ಕೇಳಿದಳು.
ಇಬ್ಬರೂ ತಿರುಗಿ ನೋಡಿದೆವು.
ಯಾರು ಹೇಳಬೇಕೆಂದು ತಿಳಿಯದೆ ಸುಮ್ಮನಾದೆವು.

ಎಸಳು ಎಂಟು, ಅರಿಶಿನದ ಬಣ್ಣ ಕೆಲವು,
ಈರುಳ್ಳಿ ಸಿಪ್ಪೆಯದು ಕೆಲವು.
ಜಗಳದ ಆ ಮೂವತ್ತೊಂದನೇ ತಟ್ಟೆ, ತಳ ಹರಿದದ್ದು,
ಅದರಲ್ಲೇ ಒಣಗಿಸಿದೆವು.
ಮಿಕ್ಕ ಚೂರನ್ನು ಹಿಂಜಿ ತೊಡೆಯ ಮೇಲೆ ಹೊಸೆದಳು ಪ್ರಮೀಳ.
ದಾರ ಒರಟು, ಅಲ್ಲಲ್ಲಿ ಗಂಟು,
ಜಗ್ಗಿದರೆ ಬೆರಳು ಕೊಯ್ಯುವಷ್ಟು ಗಟ್ಟಿ.

ಮೊದಲ ಹಾರದ ಕೊನೆಗೆ ಎರಡೂ ತುದಿ ಹಿಡಿದು
ಸುರುಳಿ ಹಾಕಿದಳು. ಜಾರಿತು. ಮತ್ತೆ ಹಾಕಿದಳು.
"ಬೆರಳಿಡು," ಅಂದಳು, ಗಂಟನ್ನೇ ನೋಡುತ್ತ.
ಯಾರಿಗೆ ಅಂತ ಹೇಳಲಿಲ್ಲ. ಇಂಚರ
ಆಗಲೇ ನಿದ್ದೆ ಹೋಗಿದ್ದಳು.
ಇಟ್ಟೆ.